ಮನೆ ನೋಡಲಿಕ್ಕೆ ಸೋಮವಾರ ಹೋಗಲಿ

ಅಕ್ಕಾ, ಬಟ್ಟೆ ಒಣಹಾಕಿ ಆಯ್ತಾ? ಹಾಗಾದರೆ ಕಾಂಪೌಂಡ್ ಹತ್ತಿರ ಸ್ವಲ್ಪ ಬನ್ನಿ. ನಿಮ್ಮ ಮಗ ಮನೆ ನೋಡ್ತಿದ್ದಾನಂತೆ, ರಿಕ್ಷಾ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಹೇಳಿದ. ಒಂದು ಠಾಣೆಯ ಘೋಡ್‌ಬಂದರ್ ರೋಡಿನಲ್ಲಿ, ಒಂದು ನವಿ ಮುಂಬಯಿಯ ಉಲ್ವೆಯಲ್ಲಿ, ಇನ್ನೊಂದು ಇಲ್ಲೇ ನಮ್ಮ ಡೊಂಬಿವಲಿಯ ಆಚೆ, ಹಳ್ಳಿ ಕಡೆ. ಅವನ ಮನಸ್ಸು ಉಲ್ವೆಯ ಮೇಲೇ ಇದೆ. ಸಮುದ್ರ ಕಾಣ್ತದೆ, ವಿಮಾನ ನಿಲ್ದಾಣ ಬಂದಿದೆ, ಐದು ವರ್ಷದಲ್ಲಿ ರೇಟು ಡಬಲ್ ಅಂತ ಏಜೆಂಟ್ ಹೇಳಿದ್ದಾನಂತೆ.

"ಹೌದವಾ, ದಿನಾ ಅದನ್ನ ಹೇಳಾಕತ್ತಾನ. ನನಗ ಒಂದೂ ತಿಳೀವಲ್ತು. ನಿನಗೇನ ಅನಸ್ತದ ಹೇಳು."

ಉಲ್ವೆಯ ಬಗ್ಗೆ ಅವನು ಹೇಳುವುದೆಲ್ಲ ಸುಳ್ಳಲ್ಲ ಅಕ್ಕಾ. ಸಮುದ್ರದ ಮೇಲಿನ ಅಟಲ್ ಸೇತು 2024ರ ಜನವರಿಯಲ್ಲಿ ತೆರೆಯಿತು, ಸುಮಾರು 22 ಕಿಲೋಮೀಟರ್, ಮುಂಬಯಿಯ ಶಿವಡಿಯಿಂದ ನೇರ ಉಲ್ವೆ ಕಡೆಯ ದಡಕ್ಕೆ. ಅದೇ ತಿಂಗಳು ಉರಣ್‌ವರೆಗೆ ಲೋಕಲ್ ಹೋಯಿತು. ವಿಮಾನ ನಿಲ್ದಾಣದ ಉದ್ಘಾಟನೆಯೂ 2025ರ ಅಕ್ಟೋಬರಿನಲ್ಲಿ ಆಯಿತು. ಆದರೆ ನಿಮ್ಮ ಮಗ ವಿಮಾನ ಹತ್ತುವುದು ವರ್ಷಕ್ಕೊಮ್ಮೆ, ಆಫೀಸಿಗೆ ಹೋಗುವುದು ದಿನಾ. ಆಫೀಸು ಇರುವುದು ಐರೋಲಿಯಲ್ಲಿ. ಉಲ್ವೆಯಿಂದ ಹೊರಟರೆ ಖಾರ್‌ಕೋಪರ್‌ ಸ್ಟೇಷನ್ನಿನಲ್ಲಿ ಉರಣ್ ಲೈನಿನ ಗಾಡಿ ಹಿಡಿದು ನೆರೂಳಿಗೆ ಬಂದು, ಅಲ್ಲಿ ಠಾಣೆ ಗಾಡಿಗೆ ಬದಲಿಸಬೇಕು. ಉರಣ್ ಲೈನಿನಲ್ಲಿ ಗಾಡಿ ಕಡಿಮೆ, ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇರಬೇಕು.

ಇನ್ನು ಸಮುದ್ರ. ನಾನು ಉಡುಪಿ ಕಡೆಯವಳು, ಮಲ್ಪೆಯ ಕಡಲು ನೋಡಿ ಬೆಳೆದವಳು. ನವಿ ಮುಂಬಯಿಯಲ್ಲಿ ಹೆಚ್ಚಿನ ಕಿಟಕಿಗಳಿಂದ ಕಾಣುವುದು ಖಾಡಿ, ಅದರ ಅಂಚಿಗೆ ಕಾಂಡ್ಲಾ ಕಾಡು. ಅದೂ ಚಂದವೇ. ನೆರೂಳಿನ ಕೆರೆಯಲ್ಲಿ ಫ್ಲೆಮಿಂಗೊ ಹಕ್ಕಿಗಳು ಗುಲಾಬಿ ಬಣ್ಣದಲ್ಲಿ ನಿಂತದ್ದು ನೋಡಿದರೆ ಕಣ್ಣು ಕೀಳಲಿಕ್ಕೆ ಆಗುವುದಿಲ್ಲ. ಆದರೆ ಆ ನೋಟಕ್ಕೆ ಚದರಡಿ ಲೆಕ್ಕದಲ್ಲಿ ಹೆಚ್ಚು ದುಡ್ಡು ಕೇಳ್ತಾರೆ, ಮುಂದೆ ಇನ್ನೊಂದು ಟವರ್ ಎದ್ದರೆ ನೋಟ ಹೋಯಿತು, ಸಾಲದ ಕಂತು ಉಳಿಯಿತು.

ಮತ್ತೊಂದು ವಿಷಯ ಅವನಿಗೆ ಗೊತ್ತಿರಬೇಕು. ಉಲ್ವೆ ಕಡೆಯ ನೆಲವೆಲ್ಲ ಆಗ್ರಿ, ಕೋಳಿ ಸಮುದಾಯದವರ ಗದ್ದೆ, ಉಪ್ಪಿನ ಆಗರ ಆಗಿತ್ತು. 1970ರಲ್ಲಿ ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೋ ಹುಟ್ಟಿ, ಹೊಸ ನಗರಕ್ಕೆಂದು ಅವರ ಭೂಮಿ ಹೋಯಿತು. 1984ರಲ್ಲಿ ಡಿ.ಬಿ. ಪಾಟೀಲರ ಮುಂದಾಳತ್ವದಲ್ಲಿ ಜಾಸಯಿಯಲ್ಲಿ ಹೋರಾಟ ಎದ್ದಾಗ ಗೋಲಿಬಾರ್ ಆಗಿ ರೈತರು ಸತ್ತರು. ಭೂಮಿ ಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 12.5 ಪಾಲು ಕೊಡುವ ಯೋಜನೆ ಬಂದದ್ದು ಆ ಹೋರಾಟದ ಫಲ. ಉಲ್ವೆಯಲ್ಲಿ ಇವತ್ತು ಮಾರಾಟಕ್ಕಿರುವ ಎಷ್ಟೋ ಬಿಲ್ಡಿಂಗ್ ಆ 'ಸಾಡೆಬಾರಾ ಟಕ್ಕೆ' ಜಾಗದ ಮೇಲೇ ನಿಂತಿವೆ. ಹಾಗಾಗಿ ಪ್ಲಾಟು ಯಾರ ಹೆಸರಿನಿಂದ ಯಾರಿಗೆ ಬಂತು, ಸಿಡ್ಕೋದಲ್ಲಿ ವರ್ಗಾವಣೆ ಸರಿಯಾಗಿ ಆಗಿದೆಯಾ, ಲೀಸು ಎಷ್ಟು ವರ್ಷದ್ದು, ಇದನ್ನೆಲ್ಲ ವಕೀಲರ ಹತ್ತಿರ ಓದಿಸಲೇಬೇಕು.

"ಅಂದ್ರ ಇಲ್ಲೇ ತಗೊಳ್ಳೋದು ಚಲೋನ? ಹಳ್ಳಿ ಕಡಿಗಿಂದು ಭಾಳ ಅಗ್ಗ ಅದಂತ."

ಅಕ್ಕಾ, ನನಗೆ ನಿಜವಾದ ಹೆದರಿಕೆ ಇರುವುದು ಆ ಅಗ್ಗದ್ದರ ಬಗ್ಗೆಯೇ. ನಮ್ಮ ಕಲ್ಯಾಣ-ಡೊಂಬಿವಲಿಯ 65 ಬಿಲ್ಡಿಂಗ್‌ಗಳ ಕಥೆ ನಿಮಗೆ ನೆನಪಿರಬೇಕು. ಮಹಾನಗರಪಾಲಿಕೆಯ ಕಟ್ಟಡ ಪರವಾನಗಿಯನ್ನೇ ನಕಲಿ ಮಾಡಿ, ಆ ನಕಲಿಯನ್ನು ತೋರಿಸಿ ಬಿಲ್ಡರರ ಮೇಲೆ ಕಣ್ಣಿಡುವ ಮಹಾರೇರಾದಲ್ಲಿ ನೋಂದಣಿ ಮಾಡಿಸಿದ್ದರು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅವನ್ನು ಕೆಡವಲು ಆದೇಶ ಕೊಟ್ಟಿತು. ಅಲ್ಲಿ ಇದ್ದವರು ಯಾರು? ನಮ್ಮಂಥವರೇ. ಮಂಗಳಸೂತ್ರ ಒತ್ತೆ ಇಟ್ಟು, ಊರಿನ ತೋಟ ಮಾರಿ, ಬ್ಯಾಂಕ್ ಸಾಲ ಮಾಡಿ ತೆಗೆದುಕೊಂಡವರು. ರೇರಾ ನಂಬರ್ ಇತ್ತು, ಬ್ಯಾಂಕು ಸಾಲ ಕೊಟ್ಟಿತ್ತು, ರಿಜಿಸ್ಟ್ರಿ ಆಗಿತ್ತು. ಇಷ್ಟೆಲ್ಲ ಇದ್ದ ಮೇಲೆ ಒಬ್ಬ ಗುಮಾಸ್ತನೋ ನರ್ಸೋ ಇನ್ನೇನು ಪರೀಕ್ಷೆ ಮಾಡಬೇಕಿತ್ತು ಹೇಳಿ! ಅದನ್ನು ನೆನೆಸಿದರೆ ಇವತ್ತೂ ನನಗೆ ಸಿಟ್ಟು ಬರ್ತದೆ.

ಹಾಗಂತ ರೇರಾ ಕಾಯ್ದೆ ಬೇಡವೆಂದಲ್ಲ. 2017ರಲ್ಲಿ ಅದು ಬಂದದ್ದರಿಂದ ಎಷ್ಟೋ ಉಪಕಾರ ಆಗಿದೆ. ಕರಾರುಪತ್ರ ರಿಜಿಸ್ಟರ್ ಆಗುವ ಮೊದಲು ಬಿಲ್ಡರ್ ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಗಿರಾಕಿಗಳ ದುಡ್ಡಿನಲ್ಲಿ ಶೇಕಡಾ 70ನ್ನು ಆ ಕಟ್ಟಡಕ್ಕೆಂದೇ ಬೇರೆ ಖಾತೆಯಲ್ಲಿ ಇಡಬೇಕು. ಮಾರಾಟ ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಆಗಬೇಕು, ಏಜೆಂಟರು ಹೇಳುವ ಸೂಪರ್ ಬಿಲ್ಟಪ್ ಲೆಕ್ಕದಲ್ಲಿ ಅಲ್ಲ. ಕಟ್ಟಡದಲ್ಲಿ ದೋಷ ಕಂಡರೆ 5 ವರ್ಷದವರೆಗೆ ಬಿಲ್ಡರೇ ರಿಪೇರಿ ಮಾಡಿಕೊಡಬೇಕು. ಹಳೆಯ ನೋಂದಣಿಗಳಲ್ಲಿ ಠಾಣೆ ಜಿಲ್ಲೆಯ ರೇರಾ ನಂಬರ್ ಪಿ51700ರಿಂದ ಶುರುವಾಗ್ತಿತ್ತು, ಉಲ್ವೆ ರಾಯಗಡ ಜಿಲ್ಲೆ ಆದದ್ದರಿಂದ ಪಿ52000. ಮಹಾರೇರಾದ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದರೆ ಪರವಾನಗಿ ಪತ್ರವೂ ಸಿಗ್ತದೆ. ಅಲ್ಲಿಗೇ ನಿಲ್ಲಬಾರದು, ಅಷ್ಟೆ. ಆ ಪತ್ರದ ಪ್ರತಿ ಹಿಡಿದುಕೊಂಡು ಪಾಲಿಕೆಯ ನಗರರಚನಾ ವಿಭಾಗಕ್ಕೆ ಹೋಗಿ, ಇದು ನೀವು ಕೊಟ್ಟದ್ದೇ ಹೌದಾ ಅಂತ ಕೇಳಬೇಕು. ಜಾಗದ ಸಾತ್‌ಬಾರಾ ಉತಾರಾ, ಅಂದರೆ ನಮ್ಮೂರ ಪಹಣಿ, ತೆಗೆಸಿ ನೋಡಬೇಕು. ಕಟ್ಟಿ ಮುಗಿದದ್ದಾದರೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಎನ್ನುವ ಪತ್ರ, ಕೇಳಬೇಕು. "ಓಸಿ ಬರ್ತದೆ, ಅರ್ಜಿ ಹಾಕಿದ್ದೇವೆ" ಅಂದರೆ ನಮಸ್ಕಾರ ಹೇಳಿ ಬರಬೇಕು.

ಕಲ್ಯಾಣದಲ್ಲೂ ನೋಡಲಿ. ಆದರೆ ಉಲ್ಹಾಸ್, ವಾಲಧುನಿ ಎರಡೂ ಮಳೆಗಾಲದಲ್ಲಿ ಉಕ್ಕುವ ನದಿಗಳು. 2005ರ ಜುಲೈ 26ರ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಲ್ಲಿಯ ಕಿರಾಣಿ ಅಂಗಡಿಯವನನ್ನು ಕೇಳಿದರೆ ಗೋಡೆ ಮುಟ್ಟಿ ತೋರಿಸ್ತಾನೆ. ನಮ್ಮ ಡೊಂಬಿವಲಿಯಲ್ಲಿ ಕಾರ್ಖಾನೆಗಳಿರುವ ಎಂಐಡಿಸಿಯ ಹತ್ತಿರವಂತೂ ಬೇಡ. 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇಯಲ್ಲಿ ಇನ್ನೊಮ್ಮೆ ರಾಸಾಯನಿಕ ಕಾರ್ಖಾನೆ ಸಿಡಿದು ಜನ ಸತ್ತದ್ದು ನಾವು ಮರೆಯುವ ಹಾಗಿಲ್ಲ.

ಇಲ್ಲೇ ಡೊಂಬಿವಲಿಯ ಹಳೆಯ ಬಿಲ್ಡಿಂಗಿನಲ್ಲಿ ಸಿಕ್ಕಿದರೆ ನನಗೆ ಹೆಚ್ಚು ಸಮಾಧಾನ. ಕನ್ವೇಯನ್ಸ್ ಒಂದು, ಅಂದರೆ ಜಾಗ ಸೊಸೈಟಿಯ ಹೆಸರಿಗೆ ಬರುವುದು, ಆಗಿರಬೇಕು. ಜಾಗ ಇನ್ನೂ ಬಿಲ್ಡರನ ಹೆಸರಿನಲ್ಲೇ ಇದ್ದರೆ, ನಾಳೆ ಕೆಡವಿ ಕಟ್ಟುವ ಹೊತ್ತಿಗೆ ಸೊಸೈಟಿಯವರು ಅವನ ಮನೆ ಬಾಗಿಲು ಕಾಯಬೇಕಾಗ್ತದೆ.

"ಊರಿಗೆ ಹೋಗೂದೂ ನೋಡಬೇಕಲ್ಲವಾ. ಹುಬ್ಬಳ್ಳಿ ಗಾಡಿ ಕಲ್ಯಾಣದಾಗ ನಿಲ್ತದ."

ನಮ್ಮ ಊರಿನ ಮತ್ಸ್ಯಗಂಧ ಗಾಡಿ ಠಾಣೆ, ಪನ್ವೇಲ್‌ನಲ್ಲಿ ನಿಲ್ತದೆ. ಇಲ್ಲಿದ್ದರೆ ನಮಗಿಬ್ಬರಿಗೂ ಅನುಕೂಲ. ಕರ್ನಾಟಕ ಸಂಘದ ಮಂಜುನಾಥ ಶಾಲೆಯೂ ಇಲ್ಲೇ ಇದೆ, ಮೊಮ್ಮಕ್ಕಳಿಗೆ ನಾಲ್ಕು ಮಂದಿ ಕನ್ನಡದವರು ಸಿಗ್ತಾರೆ. ರೇಟು ಏರ್ತದೋ ಇಲ್ಲವೋ ಆಮೇಲಿನ ಮಾತು. ಒಂದೇ ಸಂಬಳದಲ್ಲಿ ಒಂದೇ ಮನೆ ತೆಗೆದುಕೊಳ್ಳುವವನು ತಾನು ಬದುಕುವ ಜಾಗವನ್ನು ಮೊದಲು ನೋಡಬೇಕು, ಲಾಭವನ್ನಲ್ಲ.

ಮತ್ತೆ, ಏಜೆಂಟರು ಭಾನುವಾರ ಮಧ್ಯಾಹ್ನ ಕಾರಿನಲ್ಲಿ ಕರೆದುಕೊಂಡು ಹೋಗ್ತಾರೆ, ಆಗ ಘೋಡ್‌ಬಂದರ್ ರೋಡೂ ಖಾಲಿ ಕಾಣ್ತದೆ. ಇವನು ಸೋಮವಾರ ಬೆಳಿಗ್ಗೆ 8 ಗಂಟೆಗೆ ಆ ಬಿಲ್ಡಿಂಗಿನ ಗೇಟಿನಿಂದ ಹೊರಟು, ಸ್ಟೇಷನ್ನಿಗೆ ಹೋಗಿ, ಗಾಡಿ ಹತ್ತಿ ಆಫೀಸು ಮುಟ್ಟಿ ನೋಡಲಿ. 2025ರ ಜೂನಿನಲ್ಲಿ ಮುಂಬ್ರಾದ ತಿರುವಿನಲ್ಲಿ ಲೋಕಲ್ ಗಾಡಿಯ ಬಾಗಿಲಿಗೆ ಜೋತಾಡುತ್ತಿದ್ದವರು ಬಿದ್ದು ಸತ್ತದ್ದೂ ಸೋಮವಾರ ಬೆಳಿಗ್ಗೆಯೇ. ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಲಿ, ಲೇಡೀಸ್ ಡಬ್ಬದಲ್ಲಿ ಅವಳಿಗೆ ಕಾಲಿಡಲಿಕ್ಕೆ ಆಗ್ತದಾ ಅಂತ ಅವಳೇ ನೋಡಬೇಕು. ಮಂಗಳವಾರ ನಾನೂ ಅವನ ಜೊತೆ ಕಲ್ಯಾಣದ ಪಾಲಿಕೆ ಕಚೇರಿಗೆ ಬರ್ತೇನೆ. ಅಲ್ಲಿಯವರೆಗೆ ಬುಕಿಂಗ್ ಚೆಕ್ಕಿಗೆ ಸಹಿ ಹಾಕಬೇಡ ಅಂತ ಇವತ್ತು ರಾತ್ರಿಯೇ ಹೇಳಿಬಿಡಿ ಅಕ್ಕಾ.