ಸಿಮೆಂಟು ಅಲ್ಲಿಗೆ, ಬಿಸಿಲು ಇಲ್ಲಿಗೆ

ಬಾಗಲಕೋಟೆ ಜಿಲ್ಲೆ ಕೊಡುಗೈ ದಾನಿ. ಕಲಾದಗಿ ಸೀಮೆಯ ಸುಣ್ಣದಕಲ್ಲು ಅಗೆದು ಸಿಮೆಂಟು ಕೊಟ್ಟಿತು. ಇಳಕಲ್ಲಿನ ಕೆಂಪು ಗ್ರಾನೈಟು ಕೊರೆದು ಪರವೂರಿನ ಬಂಗಲೆಗಳಿಗೆ ನೆಲ ಹಾಸಿತು. ಸಾಲದ್ದಕ್ಕೆ ಹುನಗುಂದ, ಬಾದಾಮಿ ಕಡೆಯ ಜನರನ್ನು ಬಸ್ಸು ಹತ್ತಿಸಿ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಕಳಿಸಿತು.

ನಮ್ಮ ಸಿಮೆಂಟನ್ನು ನಮ್ಮವರೇ ಹೊತ್ತು ಗಾಜಿನ ಕಟ್ಟಡ ಎಬ್ಬಿಸಿದರು. ಕಿಟಕಿ ತೆರೆಯಲಾಗದ ಕಟ್ಟಡ. ಹಗಲೂ ರಾತ್ರಿ ಎಸಿ. ಅದರೊಳಗೆ ಸ್ವೆಟರ್ ಹಾಕಿಕೊಂಡು ಕೂತವರು ಭೂಮಿ ಬಿಸಿಯಾಗುತ್ತಿದೆಯೆಂದು ವಿಚಾರ ಸಂಕಿರಣ ನಡೆಸುತ್ತಾರೆ.

ಸಿಮೆಂಟಿನ ಲೆಕ್ಕ ಮಾತ್ರ ಅಲ್ಲಿ ಯಾರೂ ತೆಗೆಯುವುದಿಲ್ಲ. 100 ಕಿಲೊ ಸುಣ್ಣದಕಲ್ಲು ಪೂರ್ತಿ ಸುಟ್ಟರೆ ಸುಮಾರು 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಕಲ್ಲಿನ ಹೊಟ್ಟೆಯದು. ಗೂಡನ್ನು 1,400 ಡಿಗ್ರಿ ದಾಟಿಸಲು ಉರಿಸುವ ಕಲ್ಲಿದ್ದಲಿನದು ಬೇರೆ. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದೇ. ಚಿಮಣಿಗೆ ಕಟ್ಟಿದ ಫಿಲ್ಟರು ದೂಳು ಹಿಡಿಯುತ್ತದೆ, ಈ ಅನಿಲವನ್ನಲ್ಲ. ಚಿಂತೆ ಬೇಡ. ದೇಶದ ಯಾವ ಉದ್ದಿಮೆಗಾದರೂ ಪ್ರಾಯಶ್ಚಿತ್ತ ಒಂದೇ: ಜೂನ್ 5ರ ಪರಿಸರ ದಿನ, ಗೇಟಿನ ಪಕ್ಕ ಒಂದು ಸಸಿ, ಅದನ್ನು ಹಿಡಿಯಲು ಹತ್ತು ಕೈ.

ಕೊಟ್ಟಿದ್ದಕ್ಕೆ ಏನೂ ವಾಪಸು ಬರಲಿಲ್ಲವೆನ್ನಬೇಡಿ. 2018ರಲ್ಲಿ ಬರ ಬಂತು. 2019ರ ಆಗಸ್ಟಿನಲ್ಲಿ ನೆರೆ ಬಂತು. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೇ ನುಗ್ಗಿದಳು. ಚಾಲುಕ್ಯರ ಕಲ್ಲು ತಡೆದುಕೊಂಡಿತು. ನಮ್ಮ ಮಣ್ಣಿನ ಗೋಡೆಗಳಿಗೆ ಅಷ್ಟು ತಾಳ್ಮೆಯಿಲ್ಲ. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದದ್ದನ್ನು ಎಲ್ಲೋ ಒಂದೇ ಏಟಿಗೆ ಸುರಿಯುತ್ತದೆ. ಹೊಳೆಯ ಪಾತ್ರವನ್ನೇ ಒತ್ತಿ ಕಬ್ಬು ಹಚ್ಚಿದವರಿದ್ದಾರಲ್ಲ, ಅವರಂತೂ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿ ಪರಿಹಾರದ ಅರ್ಜಿ ಬರೆಯುತ್ತಾರೆ.

ಅದಕ್ಕೂ ಮುಂಚಿನ 2009ರ ನೆರೆಯಾದ ಮೇಲೆ ಸಂತ್ರಸ್ತರಿಗೆ ‘ಆಸರೆ’ ಯೋಜನೆಯ ಮನೆ ಕಟ್ಟಿಸಿದರು. ಹೊಲ ಒಂದು ದಿಕ್ಕು, ಮನೆ ಇನ್ನೊಂದು ದಿಕ್ಕು. ಎಷ್ಟೋ ಮನೆಗಳಲ್ಲಿ ಜಾಲಿಯೇ ಸಂಸಾರ ಹೂಡಿತು. ಅದಕ್ಕೂ ಸಿಮೆಂಟು ಸುಟ್ಟಿದ್ದೆವು, ಮರೆಯಬೇಡಿ.

ಇನ್ನು ದೊಡ್ಡವರ ಮಾತು. ಭೂಮಿಯ ತಾಪ ಏರಿಕೆ 1.5 ಡಿಗ್ರಿ ದಾಟದಂತೆ ನೋಡಿಕೊಳ್ಳಲು ಯತ್ನಿಸುತ್ತೇವೆಂದು 2015ರಲ್ಲಿ ಪ್ಯಾರಿಸ್‌ನಲ್ಲಿ ಚಪ್ಪಾಳೆ ತಟ್ಟಿದರು. 2024ರ ಸರಾಸರಿ ಆ ಗೆರೆ ದಾಟಿತು. ಭಾರತ 2070ಕ್ಕೆ ನಿವ್ವಳ ಶೂನ್ಯ ತಲುಪುತ್ತದಂತೆ. ಮಾತು ಕೊಟ್ಟವರನ್ನು ಆಗ ಕೇಳೋಣವೆಂದರೆ ಅವರೂ ಇರುವುದಿಲ್ಲ, ನಾವೂ ಇರುವುದಿಲ್ಲ. ಇಷ್ಟು ಸುರಕ್ಷಿತ ಭರವಸೆ ಚುನಾವಣೆಯಲ್ಲೂ ಸಿಗದು.

ಇಳಕಲ್ಲಿನ ಕೈಮಗ್ಗದ ನೇಕಾರನನ್ನು ನೋಡಿ. ಕಾಲು ಗುಂಡಿಯಲ್ಲಿ, ಕೈ ಲಾಳಿಯಲ್ಲಿ. ಮಗ್ಗಕ್ಕೆ ಕರೆಂಟ್ ಬೇಡ, ಡೀಸೆಲ್ ಬೇಡ. ಮೇಲೆ ಕಾದ ತಗಡು. ಬೆವರು ಬಿದ್ದು ಸೀರೆ ಕಲೆಯಾದೀತೆಂದು ಹೆಗಲ ಟವೆಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಾನೆ. ಅವನ ಓಣಿಗೂ ಜಾಗೃತಿ ಜಾಥಾ ಬರುತ್ತದೆ. ಮುಂದೆ ಡೀಸೆಲ್ ಜೀಪು, ಅದರ ಮೇಲೆ ಮೈಕು: ‘ಕರೆಂಟ್ ಉಳಿಸಿ, ಭೂಮಿ ಉಳಿಸಿ!’

ಓಣಿಯಲ್ಲಿ ಆಗ ಕರೆಂಟೇ ಇರುವುದಿಲ್ಲ.