ಚಕ್ ಬೆರ್ರಿಯ ಸಂಚಕಾರ

ರಾಯಚೂರಿನ ಬಿಸಿಲಿಗೆ ಗಿಟಾರು ಶ್ರುತಿ ಹಿಡಿದು ನಿಲ್ಲುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಂತಿ ಬಿಗಿದಿಟ್ಟು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಷಡ್ಜ ಒಂದು ಕಡೆ, ಪಂಚಮ ಒಂದು ಕಡೆ. ಆದ್ದರಿಂದಲೇ ನಮ್ಮ ಸೀಮೆಯಲ್ಲಿ ರಾಕ್ ಅಂಡ್ ರೋಲ್ ಬೇರೂರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ತಕರಾರು ತೆಗೆಯುವುದಿಲ್ಲ. ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟುವುದು ನಮ್ಮ ಹಳೆಯ ರೂಢಿ. ಹತ್ತಿ ಇಳುವರಿ ಬರದಿದ್ದರೂ ಬಿಸಿಲು, ಮಗ ಗಣಿತದಲ್ಲಿ ನಪಾಸಾದರೂ ಬಿಸಿಲು.

ಆದರೆ ಬಂದಿದೆ ಮಾರಾಯರೇ, ಬಂದು ಕೂತಿದೆ. ದೇವದುರ್ಗದ ಒಂದು ಮದುವೆ ಮೆರವಣಿಗೆಯಲ್ಲಿ ನನಗೆ ಅದು ಎದುರಾಯಿತು. ಬ್ಯಾಂಡಿನವರಿಗೆಲ್ಲ ಕೆಂಪು ಕೋಟು, ಹೆಗಲಿಗೆ ಜರಿ ಗೊಂಡೆ. ಕೋಟಿನ ಕೆಳಗೆ ಮಾತ್ರ ಅವರವರ ಮನೆಯ ಪ್ಯಾಂಟು, ಹವಾಯಿ ಚಪ್ಪಲಿ. ತಳ್ಳುಗಾಡಿಯ ಮೇಲೆ ಕೀಬೋರ್ಡು. ಯಾವ ಕಂಪನಿಯದಾದರೂ ನಮ್ಮಲ್ಲಿ ಅದು ಕ್ಯಾಸಿಯೋನೇ. ಒಂದು ಕರಿಮನೆ ಕಿತ್ತುಹೋದ ಜಾಗಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿದ್ದರು. ಬಾರಿಸುವ ಹುಡುಗ ಬೆವರು ಒರೆಸಿಕೊಂಡು, ಗಿಟಾರಿನ ದನಿ ಬರುವ ಗುಂಡಿ ಒತ್ತಿ, ಹಾಡು ಹಿಡಿಯುವುದಕ್ಕೆ ಮುಂಚೆ ಒಂದು ತುಣುಕು ಬಿಟ್ಟ. ಎರಡೆರಡು ಸ್ವರ ಜೋಡಿಯಾಗಿ ಜಾರಿ ಮೇಲೇರಿ, ಅಲ್ಲೇ ನಾಲ್ಕು ಸಲ ಒದರಿ, ಗಿರಕಿ ಹೊಡೆದು ಕೆಳಗಿಳಿಯಿತು. ಆಮೇಲೆ ಬಂದದ್ದು ಬೇರೆಯೇ ಹಾಡು, ಶಮ್ಮಿ ಕಪೂರನ ಕಾಲದ್ದು. ಮದುಮಗನ ಕಡೆಯ ಹುಡುಗರು ರುಮಾಲು ಹಲ್ಲಿಗೆ ಕಚ್ಚಿಕೊಂಡು ನಾಗಿಣಿ ಕುಣಿತ ಶುರು ಮಾಡಿದರು.

ಮೆರವಣಿಗೆ ಹನುಮಪ್ಪನ ಗುಡಿ ಮುಂದೆ ನಿಂತಾಗ ಕೇಳಿದೆ, "ತಮ್ಮಾ, ಮೊದಲ ಬಾರಿಸಿದೆಲ್ಲ, ಅದು ಎಲ್ಲಿ ಕಲ್ತಿ?"

"ನಮ್ ಮಾಮಾ ಬಾರಸ್ತಿದ್ರು ಸರ."

"ಮಾಮಾಗ ಯಾರು ಕಲಿಸಿದ್ರು?"

"ಅವರ ಉಸ್ತಾದರು. ಯಾವುದರೆ ಹಳೇ ಸಿನಿಮಾದ್ದು ಇರಬೇಕ್ ಬಿಡ್ರಿ."

ಸಿನಿಮಾದ್ದಲ್ಲ. 1958ರಲ್ಲಿ ಚಿಕಾಗೋದ ಚೆಸ್ ಕಂಪನಿ ಹೊರತಂದ 'ಜಾನಿ ಬಿ. ಗುಡ್' ಹಾಡಿನ ಶುರುವಿಗೆ ಚಕ್ ಬೆರ್ರಿ ಎಂಬವನು ಗಿಟಾರಿನಲ್ಲಿ ಬಾರಿಸಿದ್ದು. ಓದು ಬರಹ ಅಷ್ಟಕ್ಕಷ್ಟೇ ಇದ್ದು ಗಿಟಾರು ಮಾತ್ರ ಬಿಡದ ಹಳ್ಳಿ ಹುಡುಗನ ಕಥೆ ಆ ಹಾಡಿನದು. ಅಂಥ ಹುಡುಗರು ಮಾನ್ವಿ ತಾಲೂಕಿನಲ್ಲಿ ಊರಿಗೆ ನಾಲ್ವರು ಸಿಗುತ್ತಾರೆ. ಗಿಟಾರಿನ ಬದಲು ಹಲಗಿಯೋ ತಬಲಾವೋ ಪೇಟಿಯೋ ಇರುತ್ತದೆ, ಅಷ್ಟೇ.

ಬೆರ್ರಿ ಹುಟ್ಟಿದ್ದು 1926ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ಕರಿಯರ ಕೇರಿಯಲ್ಲಿ. ಹರೆಯದಲ್ಲೇ ದರೋಡೆ ಮಾಡಿ ಒಳಗೆ ಹೋಗಿ ಬಂದ. ಕಾರು ಕಾರ್ಖಾನೆಯಲ್ಲಿ ದುಡಿದ, ಕೂದಲು ಸಿಂಗರಿಸುವ ಕಸುಬು ಕಲಿತ. 1955ರಲ್ಲಿ 'ಮೇಬಲೀನ್' ಎಂಬ ಹಾಡು ಹಾಡಿ ಹೆಸರಾದ. ಮರುವರ್ಷ, ಬೀಥೋವನ್ನನಿಗೆ ಅತ್ಲಾಗ ಸರಿ ಎಂದು ಹೇಳುವ ಹಾಡು ತಂದ. ನಾವು ಹೈದರಾಬಾದಿನಿಂದ ಸರಿದು ಮೈಸೂರು ರಾಜ್ಯಕ್ಕೆ ಬಂದದ್ದೂ ಅದೇ 1956ರಲ್ಲಿ. ಎರಡಕ್ಕೂ ಸಂಬಂಧವಿಲ್ಲ. ಆದರೂ ಆ ವರ್ಷ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೂತರು ಎಂದುಕೊಂಡರೆ ನನಗೊಂದು ಸಮಾಧಾನ.

ಅಲ್ಲಿಂದ ಆ ಗಿಟಾರು ಇಂಗ್ಲೆಂಡಿಗೆ ಹೋಯಿತು. ರೋಲಿಂಗ್ ಸ್ಟೋನ್ಸ್ ತಂಡದವರು 1963ರಲ್ಲಿ ತಂದ ಮೊದಲ ರೆಕಾರ್ಡೇ ಬೆರ್ರಿಯ ಹಾಡು. ಬೀಟಲ್ಸ್ ಅವನನ್ನು ಎದೆಗೆ ಅವಚಿಕೊಂಡರು. ಅದಕ್ಕೂ ಮೊದಲೇ ಇದೇ ಗಾಳಿಗೆ ಮುಂಬೈಯಲ್ಲಿ ಸಿ. ರಾಮಚಂದ್ರ 1957ರ 'ಆಶಾ'ದಲ್ಲಿ 'ಈನಾ ಮೀನಾ ಡೀಕಾ' ಮಾಡಿದರು, ರವಿ 1962ರ 'ಚೈನಾ ಟೌನ್'ನಲ್ಲಿ 'ಬಾರ್ ಬಾರ್ ದೇಖೋ' ಮಾಡಿದರು. ಆಕಾಶವಾಣಿ ಸಿನಿಮಾ ಹಾಡಿಗೆ ಮುಖ ಸಿಂಡರಿಸಿಕೊಂಡಿದ್ದ ಕಾಲದಿಂದಲೂ ಸಿಲೋನ್ ರೇಡಿಯೋ ಇಂಥದ್ದನ್ನೆಲ್ಲ ನಮ್ಮ ಚಹಾದಂಗಡಿಗಳಿಗೆ ಮುಟ್ಟಿಸುತ್ತಿತ್ತು. ಡಾ. ರಾಜ್ ಕೂಡ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಜಿ.ಕೆ. ವೆಂಕಟೇಶರ ಸಂಗೀತಕ್ಕೆ ಇಂಗ್ಲಿಷಿನಲ್ಲೇ ಹಾಡಿಬಿಟ್ಟರು. ಮುಂಬೈ ಕಡೆಯ ರೈಲುದಾರಿಯೂ ಮದ್ರಾಸ್ ಕಡೆಯದೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರು ಸ್ಟೇಷನ್ನಿನಲ್ಲಿ. ಎರಡೂ ಕಡಲಿನ ಸರಕು ಇಲ್ಲಿ ಇಳಿದು ನಮಗೆ ರೂಢಿ. ಬೆರ್ರಿಯ ತುಣುಕೂ ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ಬಂದು ಇಳಿದಿದೆ. ಹೆಸರು ಮಾತ್ರ ಹಿಂದಿನ ಯಾವುದೋ ಸ್ಟೇಷನ್ನಿನಲ್ಲಿ ಉಳಿದುಬಿಟ್ಟಿದೆ.

ಪರದೇಶದ ವಾದ್ಯ ನಮ್ಮಲ್ಲಿ ಒಗ್ಗುವುದಿಲ್ಲ ಎನ್ನುವವರು ಪಂಡಿತ ನರಸಿಂಹಲು ವಡವಾಟಿಯವರ ಕ್ಲಾರಿಯೋನೆಟ್ ಕೇಳಬೇಕು. ಪಲ್ಟಣದ ಬ್ಯಾಂಡಿನಿಂದ ಮದುವೆ ಬ್ಯಾಂಡಿಗೆ ಇಳಿದಿದ್ದ ವಾದ್ಯಕ್ಕೆ ಈ ಜಿಲ್ಲೆಯವರೊಬ್ಬರು ಖಯಾಲು ಕಲಿಸಿದರು. ಅವರ ಗುರು ಸಿದ್ಧರಾಮ ಜಂಬಲದಿನ್ನಿಯವರು. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ವಡವಾಟಿಯವರು ಯಾರ ಶಿಷ್ಯರು ಎಂದು ಕೇಳಿದರೆ ಊರಿನಲ್ಲಿ ಥಟ್ಟನೆ ಉತ್ತರ ಬರುತ್ತದೆ. ಆದರೆ ಕೀಬೋರ್ಡಿನ ಹುಡುಗನ ಗುರುಪರಂಪರೆ ಮಾಮಾನ ಉಸ್ತಾದರಿಗೇ ನಿಂತುಹೋಗುತ್ತದೆ.

ಈ ಹೆಸರಿನ ವಿಷಯದಲ್ಲಿ ನಮ್ಮ ದಾಸರು ಬಲು ಜಾಣರು. ತುಂಗಭದ್ರೆಯ ದಂಡೆಯ ಚೀಕಲಪರ್ವಿಯವರು ವಿಜಯದಾಸರು. ಅವರ ಶಿಷ್ಯರು ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು. ಆ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ತೆಗೆದು ಕೊಟ್ಟು ಬದುಕಿಸಿದರು ಎಂದು ಜನ ನಂಬುವುದು ಮಾನ್ವಿಯ ಜಗನ್ನಾಥದಾಸರನ್ನು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಕೊನೆಯ ನುಡಿಯಲ್ಲಿ ಅಂಕಿತ ಕೂಡಿಸಿಬಿಟ್ಟರೆ ಮುಗಿಯಿತು, ಎಂಥ ಕಳ್ಳನೂ ಹಾಡು ಮುಗಿಸುವ ಹೊತ್ತಿಗೆ ಸಿಕ್ಕಿಬೀಳುತ್ತಾನೆ. ಹಕ್ಕುಪತ್ರ ದೇವರ ಹೆಸರಿನಲ್ಲಿ ಇರುವುದರಿಂದ ಕೋರ್ಟಿಗೆ ಹೋಗುವ ಪ್ರಸಂಗವೂ ಇಲ್ಲ.

ಪಾಪ, ಬೆರ್ರಿ ಈ ಉಪಾಯ ತಿಳಿಯದೆ ಒದ್ದಾಡಿದ. ಅವನ ಮೊದಲ ಹಾಡನ್ನೇ, ಬರೆಯದ ಇಬ್ಬರ ಹೆಸರನ್ನೂ ಸೇರಿಸಿ ಅಚ್ಚು ಹಾಕಿದರು. ಅದರಲ್ಲೊಬ್ಬ ರೇಡಿಯೋದಲ್ಲಿ ರೆಕಾರ್ಡ್ ಹಾಕುವವನು. ಹೆಸರು ಹಾಕಿಕೊಂಡ ಮೇಲೆ ದಿನಾ ಹಾಕದೆ ಇರುತ್ತಾನೆಯೇ? ಆ ಪಾಲು ಬಿಡಿಸಿಕೊಳ್ಳಲು 1986 ಬರಬೇಕಾಯಿತು. ಹಾಗೆಂದು ಬೆರ್ರಿಯೂ ಸಾಚಾ ಅಲ್ಲ. ಆ 'ಮೇಬಲೀನ್' ಹಳೆಯ ಪಿಟೀಲು ಹಾಡೊಂದರ ಮೇಲೆ ಎದ್ದದ್ದು. ದೇವದುರ್ಗದಲ್ಲಿ ನಾನು ಕೇಳಿದ ತುಣುಕಿನ ಬೇರು ಹುಡುಕುತ್ತ ಹೋದರೆ 1946ರಲ್ಲಿ ಲೂಯಿ ಜೋರ್ಡನ್ ತಂಡದ ಗಿಟಾರಿನವ ಕಾರ್ಲ್ ಹೋಗನ್ ಅದನ್ನು ಬಾರಿಸಿಟ್ಟಿದ್ದಾನೆ. ಅಂದರೆ ಮಾಮಾ, ಉಸ್ತಾದ, ಅವರ ಉಸ್ತಾದ ಎಂಬ ಸಾಲು ಅಲ್ಲಿಯೂ ಇತ್ತು.

ಇಲ್ಲೊಂದು ತಮಾಷೆ ನೋಡಿ. ದಾಸರ ಪದಗಳಲ್ಲಿ ಹೆಸರು ಗಟ್ಟಿಯಾಗಿ ಉಳಿಯಿತು, ಅವರು ಹಾಡಿದ ಧಾಟಿ ಮಾತ್ರ ಬಹುಪಾಲು ಕಳೆದುಹೋಯಿತು. ಏಕಾದಶಿ ಭಜನೆಗೆ ಹೋದರೆ ಅದೇ ಪದ ಒಂದೂರಲ್ಲಿ ಒಂದು ರಾಗ, ಇನ್ನೊಂದೂರಲ್ಲಿ ಯಾವುದೋ ಹಿಂದಿ ಹಾಡಿನ ಧಾಟಿ. ಬೆರ್ರಿಯದು ತಿರುವುಮುರುವು: ಧಾಟಿ ದೇವದುರ್ಗದ ತನಕ ಬಂತು, ಹೆಸರು ಬರಲಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಿದರೆ ಧಾಟಿಯೇ ಎನ್ನುತ್ತೇನೆ. ಮಾನ್ವಿಯಲ್ಲಿ ಇದನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ.

ಬೆರ್ರಿ ಮಾತ್ರ ಒಪ್ಪುತ್ತಿರಲಿಲ್ಲ. ದುಡ್ಡಿನ ವಿಷಯದಲ್ಲಿ ಅವನು ಮಹಾ ಖಡಕ್ಕು. ಸ್ವಂತ ತಂಡ ಇಟ್ಟುಕೊಳ್ಳದೆ, ಗಿಟಾರೊಂದನ್ನೇ ಹಿಡಿದುಕೊಂಡು ಊರೂರಿಗೆ ಹೋಗುವುದು. ಪಕ್ಕವಾದ್ಯದವರನ್ನು ಆಯಾ ಊರಿನವರೇ ಹೊಂದಿಸಬೇಕು. ತಾಲೀಮು ಇಲ್ಲ. ತಾನು ಹೇಳಿದ ಕಂಪನಿಯದೇ ಎರಡು ಆಂಪ್ಲಿಫೈಯರು ಇರಬೇಕು. ಸಂಚಕಾರದ ಮಾತೇ ಇಲ್ಲ, ಪೂರ್ತಿ ದುಡ್ಡು ನಗದಾಗಿ ಕೈಗೆ ಬಿದ್ದ ಮೇಲೆ ರಂಗದ ಮೇಲೆ ಕಾಲು. ಮುಂದೆ ದೊಡ್ಡ ಹೆಸರು ಮಾಡಿದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹುಡುಗನಾಗಿದ್ದಾಗ ಒಮ್ಮೆ ಅವನ ಪಕ್ಕ ಬಾರಿಸಿದ್ದ. ಇವತ್ತು ಯಾವ ಹಾಡು ಎಂದು ಕೇಳಿದರೆ, ಚಕ್ ಬೆರ್ರಿಯ ಹಾಡು ಎಂದನಂತೆ. ನಮ್ಮ ಬಯಲಾಟದ ಪೇಟಿ ಮಾಸ್ತರರೂ ಹೀಗೇ. ಮದ್ದಲೆಯವನು ಹೊಸಬನಾಗಿದ್ದರೆ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಅವನೇ ಮಾಸ್ತರರ ಕಾಲ್ಬೆರಳಿನ ತಾಳ ನೋಡಿಕೊಂಡು ಹಿಂದೆ ಓಡಬೇಕು. ನಗದಿನ ಈ ಚಟವೇ ಕೊನೆಗೆ ಬೆರ್ರಿಗೆ ಮುಳುವಾಯಿತು. 1979ರಲ್ಲಿ ಅಮೆರಿಕದ ಅಧ್ಯಕ್ಷರ ಮನೆಯಲ್ಲಿ ಹಾಡಿ ಬಂದವನು ಅದೇ ವರ್ಷ ತೆರಿಗೆ ಕದ್ದದ್ದಕ್ಕೆ ಜೈಲಿಗೆ ಹೋದ.

ಮಾನ್ವಿಯ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿನ್ನುತ್ತ ಈ ಪುರಾಣವನ್ನು ಒಬ್ಬ ಹಿರಿಯ ಬ್ಯಾಂಡ್ ಮಾಸ್ತರರಿಗೆ ಹೇಳಿದೆ. ಕ್ಲಾರಿಯೋನೆಟ್ಟಿನವರು. ವಾದ್ಯದ ಪತ್ತಿ ಒಣಗಬಾರದೆಂದು ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು ಮಿರ್ಚಿಗಾಗಿ ತೆಗೆದು ಜೇಬಿಗೆ ಹಾಕಿದರು. ತೆರಿಗೆಯ ಭಾಗ ಅವರಿಗೆ ಅಷ್ಟಾಗಿ ರುಚಿಸಲಿಲ್ಲ. ಅದಕ್ಕೇ ಆಕಾಶದ ಕಥೆ ತೆಗೆದೆ.

1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆ ಹಾರಿಸಿದರು. ಬೇರೆ ಲೋಕದವರು ಯಾರಾದರೂ ಸಿಕ್ಕಾರು ಎಂದು ಒಂದೊಂದರಲ್ಲೂ ಚಿನ್ನದ ಲೇಪದ ರೆಕಾರ್ಡು ಇಟ್ಟರು. ಇಡೀ ಭೂಮಿಯಿಂದ ಆರಿಸಿದ್ದು 27 ಸಂಗೀತದ ತುಣುಕು. ನಮ್ಮ ದೇಶದಿಂದ ಕೇಸರಬಾಯಿ ಕೇರ್ಕರರ ಭೈರವಿ. ರಾಕ್ ಅಂಡ್ ರೋಲ್‌ನಿಂದ ಬೆರ್ರಿಯ 'ಜಾನಿ'. ಇದು ಹುಡುಗರ ಸಂಗೀತ, ಬೇಡ ಎಂದು ಒಬ್ಬ ವಿದ್ವಾಂಸರು ಗೊಣಗಿದ್ದಕ್ಕೆ, ಭೂಮಿಯ ಮೇಲೆ ಹುಡುಗರೂ ಬೇಕಾದಷ್ಟು ಇದ್ದಾರಲ್ಲ ಎಂದು ಕಾರ್ಲ್ ಸಗಾನ್ ಉತ್ತರ ಕೊಟ್ಟರಂತೆ. ಬೀಥೋವನ್ನನೂ ಅದೇ ತಟ್ಟೆಯಲ್ಲಿದ್ದಾನೆ, ಸರಿದು ಜಾಗ ಕೊಟ್ಟುಕೊಂಡು. ಜೊತೆಗೆ 55 ಭಾಷೆಯಲ್ಲಿ ನಮಸ್ಕಾರ. ಅದರಲ್ಲಿ ಕನ್ನಡವೂ ಇದೆ. ತೆಲುಗು, ಉರ್ದು, ಮರಾಠಿಯೂ ಇವೆ. ರಾಯಚೂರಿನ ತೀನ್ ಕಂದೀಲು ವೃತ್ತದಲ್ಲಿ ನಿಂತರೆ ಕಿವಿಗೆ ಬೀಳುವ ಮಾತೆಲ್ಲ ಅಲ್ಲಿವೆ. ವಾಯೇಜರ್-1 ನೌಕೆ ಈಗ 2,400 ಕೋಟಿ ಕಿ.ಮೀ. ದಾಟಿ ಹೋಗುತ್ತಿದೆ.

ಮಾಸ್ತರರು ಮಿರ್ಚಿಯ ತೊಟ್ಟು ಪಕ್ಕಕ್ಕಿಟ್ಟು ಬಹಳ ಹೊತ್ತು ಯೋಚಿಸಿದರು. "ಅಷ್ಟು ದೂರದ ಪ್ರೋಗ್ರಾಮ್ ಅಂದ್ರ ಹೋಗಿ ಬರೋ ಖರ್ಚು ಬ್ಯಾರೇನ ಹಿಡೀಬೇಕಲ್ರೀ," ಎಂದರು. "ರೊಕ್ಕ ಮೊದಲ ಇಸ್ಕೊಂಡಿದ್ನೋ ಇಲ್ಲೋ ಆ ಮನಷ್ಯಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಾರಿಸಿ ಬಂದಿದ್ದ ಮದುವೆಯ ಹೆಣ್ಣಿನ ಕಡೆಯ ಸೋದರಮಾವ ಬೈಕಿನಲ್ಲಿ ಹಾದುಹೋದರು. ಮಾಸ್ತರರು ಪತ್ತಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು, ಬಾಕಿ ವಸೂಲಿಗೆ ಅವರ ಹಿಂದೆ ಓಡಿದರು. ಮಿರ್ಚಿಯ ಬಿಲ್ಲು ನಾನು ಕೊಟ್ಟೆ.