ಓಡಿ ಬಂದ ಲಕ್ಷ್ಮಿ

ನಮ್ಮ ದೊಡ್ಡಮ್ಮನವರ ಪ್ರಾತಃಕಾಲವು ಸೂರ್ಯೋದಯದಿಂದಲ್ಲ, ಅಡುಗೆಮನೆಯ ಗೂಡಿನಲ್ಲಿ ಪ್ರತಿಷ್ಠಿತವಾಗಿರುವ ಟೇಪ್ ರೆಕಾರ್ಡರಿನಿಂದ ಆರಂಭವಾಗತಕ್ಕದ್ದು. ಅದರೊಳಗಿನಿಂದ ಭೀಮಸೇನ ಜೋಶಿಯವರು ತಮ್ಮ ಘನಗಂಭೀರ ಕಂಠದಲ್ಲಿ ಪುರಂದರದಾಸರ ಭಾಗ್ಯದ ಲಕ್ಷ್ಮಿಯನ್ನು ಮನೆಯೊಳಕ್ಕೆ ಕರೆಯುವವರೆಗೆ ಅವರು ಕಾಫಿಯ ಫಿಲ್ಟರಿಗೆ ನೀರು ಹೊಯ್ಯುವವರಲ್ಲ. ಇಂತಹ ಮನೆಯಲ್ಲಿ ಒಂದು ಶುಕ್ರವಾರ ಆ ಯಂತ್ರವು ಮೌನವ್ರತವನ್ನು ಕೈಗೊಂಡಿತೆಂದರೆ ಅದರ ಪರಿಣಾಮವು ಕೇವಲ ಸಂಗೀತಕ್ಕೆ ಸಂಬಂಧಪಟ್ಟದ್ದಲ್ಲವೆಂಬುದನ್ನು, ಒಂಬತ್ತು ಗಂಟೆಯವರೆಗೆ ಕಾಫಿಯಿಲ್ಲದೆ ಕುಳಿತಿದ್ದ ನಾನು ಚೆನ್ನಾಗಿ ಬಲ್ಲೆ.

ಪೆಟ್ಟಿಗೆಯನ್ನು ಬಿಚ್ಚಿ ನೋಡಲಾಗಿ, ಮೋಟರು ಸುಟ್ಟು ದಿವಂಗತವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯದ ಬಿಡಿಭಾಗವಿಲ್ಲವೆಂಬ ಪ್ರತೀತಿಯನ್ನು ನಂಬಿ ಅಲ್ಲಿಗೆ ಹೋದೆ. ನನ್ನ ಮೋಟರಿನ ಜಾತಿಯದು ಮಾತ್ರ ಅಂದು ದೊರೆಯಲಿಲ್ಲ. ಅಂಗಡಿಯಾತನು ಆಟಿಕೆಯ ಕಾರಿಗೆ ಹಾಕುವ ಪುಟ್ಟದೊಂದನ್ನು ನನ್ನ ಅಂಗೈಮೇಲಿರಿಸಿ, "ಆರು ವೋಲ್ಟ್‌ದು ಸಾರ್, ಆರಾಮಾಗಿ ಓಡುತ್ತೆ" ಎಂದನು. ಆತನ ಮಾತು ಸುಳ್ಳಾಗಲಿಲ್ಲ, ಅದು ಓಡಿತು.

ಹಳೆಯ ಮೋಟರಿನ ಹೊಟ್ಟೆಯಲ್ಲಿ ವೇಗವನ್ನು ಅಂಕೆಯಲ್ಲಿಡುವ ಗವರ್ನರ್ ಎಂಬುದೊಂದಿತ್ತು; ಹೊಸದಕ್ಕೆ ಅಂತಹ ಯಾವ ಸಂಯಮವೂ ಇಲ್ಲದೆ, ವೋಲ್ಟೇಜು ಏರಿದಷ್ಟೂ ವೇಗವಾಗಿ ಸುತ್ತುವುದೇ ಅದರ ಸ್ವಭಾವವಾಗಿತ್ತು. ನನ್ನ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದು ಬರೆದಿತ್ತಾದರೂ, ಹೊರೆಯಿಲ್ಲದೆ ಮೀಟರು ಹಿಡಿದು ನೋಡಿದರೆ ಮುಳ್ಳು 13ರಲ್ಲಿ ನಿಂತಿತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯತಕ್ಕದ್ದು. ಆ ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೂ ಸಾಕು, ಶ್ರುತಿಯು ಹಾರ್ಮೋನಿಯಮ್ಮಿನ ಬಿಳಿಯಿಂದ ಪಕ್ಕದ ಕರಿಗೆ ನೆಗೆಯುತ್ತದೆ. ನಮ್ಮದು ಎಷ್ಟು ಮನೆಗಳನ್ನು ನೆಗೆಯಿತೋ ನಾನು ಎಣಿಸಲಿಲ್ಲ. ಗದಗಿನ ಆ ಸಿಂಹಕಂಠವು ಬಾಲವಾಡಿಯ ಮಗುವಿನದಾಯಿತು; ಹೆಜ್ಜೆಯ ಮೇಲೆ ಹೆಜ್ಜೆಯನ್ನಿಕ್ಕುತ್ತ ಬಾರೆಂದು ದಾಸರು ಬೇಡಿಕೊಂಡಿದ್ದ ದೇವಿಯು ಸೆರಗು ಕಟ್ಟಿಕೊಂಡು ಧಾವಿಸಿದಳು.

"ಏನೋ ಇದು, ಲಕ್ಷ್ಮಿ ಬಸ್ಸು ತಪ್ಪಿಹೋಗತ್ತೆ ಅಂತ ಓಡಿಬರೋ ಹಾಗಿದೆಯಲ್ಲೋ!" ಎಂದರು ದೊಡ್ಡಮ್ಮ.

ಆರು ವೋಲ್ಟಿನ ಅಡಾಪ್ಟರನ್ನೇ ತರಬಹುದಿತ್ತಲ್ಲ ಎಂದು ಕೇಳುವ ಬುದ್ಧಿವಂತ ವಾಚಕರಿಗೆ ನನ್ನ ಬಿನ್ನಹವೇನೆಂದರೆ, ಹಾಡನ್ನು ದೊಡ್ಡದು ಮಾಡುವ ಉಳಿದ ಭಾಗಕ್ಕೆ 9 ವೋಲ್ಟೇ ಬೇಕು. ಇಳಿಸಬೇಕಾದದ್ದು ಮೋಟರಿನ ಪಾಲನ್ನು ಮಾತ್ರ. ನೆರೆಮನೆಯ ಮಿತ್ರರೊಬ್ಬರು, ಅಡಾಪ್ಟರನ್ನು ಬಿಸುಟು ಗೋಡೆಯ 230 ವೋಲ್ಟಿಗೇ ಒಂದು ಬಲ್ಬನ್ನು ಸರಣಿಯಲ್ಲಿ ಕಟ್ಟಿ ಮೋಟರು ಓಡಿಸೆಂದು ಸಲಹೆಯಿತ್ತರು. ಅಡಾಪ್ಟರಿನ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳು ಮಡಿಯಲ್ಲಿರುವವರಂತೆ ಒಂದನ್ನೊಂದು ಮುಟ್ಟದೆ ವ್ಯವಹರಿಸುವುದರಿಂದಲೇ ನಾವು ಬದುಕಿದ್ದೇವೆ. ಬಲ್ಬಿಗೆ ಆ ಮಡಿಯಿಲ್ಲ, ಮೋಟರಿನ ತಂತಿ ಕಡಿದ ಕ್ಷಣದಲ್ಲಿ ಇಡೀ 230 ವೋಲ್ಟು ಆ ತುದಿಯಲ್ಲಿ ಕಾದುಕೊಂಡಿರುತ್ತದೆ. ದೊಡ್ಡಮ್ಮನವರಾದರೋ ಸ್ನಾನ ಮಾಡಿ ಒದ್ದೆಗೈಯಲ್ಲಿಯೇ ಗುಂಡಿಯೊತ್ತುವವರು. ಮಿತ್ರರಿಗೆ ಕಾಫಿ ಕೊಟ್ಟು ಕಳುಹಿಸಿದೆ.

ನನ್ನ ಸ್ವಂತ ಜಾಣತನವೂ ಹೆಚ್ಚಿನದಾಗಿರಲಿಲ್ಲ. ಓಡುವಾಗ ಮೋಟರು 150 ಮಿಲಿಆಂಪಿಯರ್ ಎಳೆಯುತ್ತದೆ, 3 ವೋಲ್ಟು ಕಳೆಯಬೇಕು, ಆದ್ದರಿಂದ 20 ಓಮಿನ ರೆಸಿಸ್ಟರ್ ಸಾಕು ಎಂದು ಶಾಲೆಯ ಲೆಕ್ಕ ಮಾಡಿ, ಕಾಲು ವ್ಯಾಟಿನದೊಂದನ್ನು ಬೆಸೆದೆ. ಅರ್ಧ ವ್ಯಾಟಿನಷ್ಟು ಶಾಖವನ್ನು ಹೊರಲಾರದೆ ಅದು ಧೂಪವನ್ನು ಬಿಟ್ಟಿತು. ದಪ್ಪನೆಯದನ್ನು ಹಾಕಿದರೆ ಇನ್ನೊಂದು ವಿಪತ್ತು: ನಿಂತ ಮೋಟರು ಹೊರಡುವಾಗ ಓಡುವಾಗಿನ ಹಲವು ಪಟ್ಟು ವಿದ್ಯುತ್ತನ್ನು ಬೇಡುತ್ತದೆ, ಆಗ ರೆಸಿಸ್ಟರೇ ವೋಲ್ಟೇಜನ್ನೆಲ್ಲ ನುಂಗಿ ಮೋಟರಿಗೆ ಉಪವಾಸವನ್ನು ವಿಧಿಸುತ್ತದೆ. ಪ್ರತಿದಿನ ಬೆಳಿಗ್ಗೆ ಪೆನ್ಸಿಲಿನ ತುದಿಯಿಂದ ಅದನ್ನು ತಳ್ಳುತ್ತ, ಘಾಟಿಯಲ್ಲಿ ನಿಂತ ಬಸ್ಸಿನ ಪ್ರಯಾಣಿಕನಂತೆ ನಾನು ಒಂದು ವಾರ ಬಾಳಿದೆ.

ಕೊನೆಗೆ ನನ್ನನ್ನು ಕಾಪಾಡಿದ್ದು ಎಲ್‌ಎಂ 317 ಎಂಬ ಮೂರು ಕಾಲಿನ ಸಣ್ಣ ಪ್ರಾಣಿ. ಎರಡು ರೆಸಿಸ್ಟರುಗಳ ಪ್ರಮಾಣದಿಂದ ಅದಕ್ಕೆ ಇಂತಿಷ್ಟು ವೋಲ್ಟೆಂದು ಹೇಳಿಬಿಟ್ಟರೆ, ಮೋಟರು ಹೆಚ್ಚು ಬೇಡಲಿ ಕಡಿಮೆ ಬೇಡಲಿ, ಕೊಟ್ಟ ಮಾತಿಗೆ ತಪ್ಪದು. ತನಗಾಗಿ ಮಾತ್ರ ಸುಮಾರು 3 ವೋಲ್ಟನ್ನು ಮೇಲೆ ಉಳಿಸಿಡಬೇಕೆಂದು ಹಟ ಹಿಡಿಯುತ್ತದೆ. ಇಳಿಸಿದ ವೋಲ್ಟೇಜು ಶಾಖವಾಗಿ ಅದರ ಬೆನ್ನನ್ನೇ ಸುಡುವುದರಿಂದ ಒಂದು ಅಲ್ಯೂಮಿನಿಯಂ ತಗಡನ್ನು ಹೊದಿಸಿದೆ. ವಿದ್ಯುತ್ತು ನಿಂತೊಡನೆ ಮೋಟರಿನ ಸುರುಳಿ ಹಿಂದಕ್ಕೆ ಒದೆಯುವುದನ್ನು ತಡೆಯಲು ಅಡ್ಡಲಾಗಿ ಒಂದು ಡಯೋಡನ್ನೂ, ಹಾಡಿನ ನಡುವೆ ಸಾಸಿವೆ ಒಗ್ಗರಣೆಯಂತೆ ಚಟಪಟಿಸುತ್ತಿದ್ದ ಸದ್ದಿಗೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ ಬೆಸೆದದ್ದಾಯಿತು.

ಇನ್ನು ಉಳಿದದ್ದು ಸರಿಯಾದ ವೇಗ ಯಾವುದೆಂಬ ಪ್ರಶ್ನೆ. ಅದಕ್ಕೆ ದೊಡ್ಡಮ್ಮನವರ ಕಿವಿಗಿಂತ ಉತ್ತಮವಾದ ಉಪಕರಣ ಮನೆಯಲ್ಲಿರಲಿಲ್ಲ. ಆ ಎರಡು ರೆಸಿಸ್ಟರುಗಳಲ್ಲಿ ತಿರುಗಿಸಿ ಹೊಂದಿಸಬಹುದಾದ ಪ್ರಿಸೆಟ್ಟನ್ನು ನಾನು ತಿರುಪಳಿಯಿಂದ ಕೂದಲೆಳೆಯಷ್ಟು ತಿರುಗಿಸುವುದು, ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳವಿಕ್ಕುತ್ತ "ಇನ್ನೂ ಇಳಿಸು... ಅಯ್ಯೋ, ಈಗ ಅಳ್ತಾ ಬರ್ತಾಳೆ ಕಣೋ, ಸ್ವಲ್ಪ ಏರಿಸು" ಎನ್ನುವುದು, ಹೀಗೆ ಅರ್ಧ ಗಂಟೆ ನಡೆದು, ಮೀಟರಿನ ಮುಳ್ಳು ಐದು ವೋಲ್ಟಿಗಿಂತ ತುಸು ಕೆಳಗಿದ್ದಾಗ ಅವರ ತಲೆ ತಾನಾಗಿ ತೂಗಿತು. ಜಾರದಿರಲೆಂದು ಪ್ರಿಸೆಟ್ಟಿನ ತಲೆಗೆ ಮಗಳ ಕೆಂಪು ಉಗುರುಬಣ್ಣವನ್ನು ಒಂದು ಹನಿ ಇಟ್ಟು ಭದ್ರಪಡಿಸಿದೆ. ದೊಡ್ಡಮ್ಮ ಅದನ್ನು ಕುಂಕುಮವೆಂದೇ ಭಾವಿಸಿ, ನನಗೆ ಈ ಮಟ್ಟಿಗಾದರೂ ದೈವಭಕ್ತಿ ಬಂದಿತಲ್ಲಾ ಎಂದು ಸಂತೋಷಪಟ್ಟು, ಮೇಲೊಂದಿಷ್ಟು ಅಕ್ಷತೆಯನ್ನೂ ಹಾಕಿದರು. ಅದರ ಒಂದು ಕಾಳು ಬೆಲ್ಟಿನ ರಾಟೆಗೆ ಸಿಕ್ಕಿಕೊಂಡದ್ದರಿಂದ ಮರುದಿನ ಬೆಳಿಗ್ಗೆ ಮತ್ತೆ ಪೆಟ್ಟಿಗೆಯನ್ನು ಬಿಚ್ಚಿದೆ, ಕಾಫಿಯಿಲ್ಲದೆ.